ವರ್ಷಕ್ಕೆ ನಾಲ್ಕು ಸಾವಿರ ಕೊಡುವ ಮೊದಲು

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಪಿಎಸ್5, ಅಂದರೆ ಟಿವಿಗೆ ಹಚ್ಚಿ ಗೇಮ್ ಆಡುವ ಹೊಸ ಪ್ಲೇಸ್ಟೇಷನ್ ಯಂತ್ರ, ತಗೊಂಡ ಮೇಲೆ ತನ್ನ ಹಳೇ ಪಿಎಸ್4 ಅನ್ನು ನಮ್ಮ ಮಕ್ಕಳಿಗೆ ಕೊಟ್ಟ. ಮಗ ಒಂಬತ್ತನೇ ಕ್ಲಾಸು, ಮಗಳು ಆರನೇ ಕ್ಲಾಸು. ಇಷ್ಟು ದಿನ ಇಬ್ಬರೂ ಡಿಸ್ಕ್ ಹಾಕಿಕೊಂಡು ಮನೆಯಲ್ಲೇ ಆಡಿಕೊಂಡಿದ್ದರು. ಈಗ ಮಗನಿಗೆ ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿಯ ಮಗನ ಜೊತೆ ಫುಟ್‌ಬಾಲ್ ಆಡಬೇಕಂತೆ. ಅದಕ್ಕೆ ಪ್ಲೇಸ್ಟೇಷನ್ ಪ್ಲಸ್ ಅನ್ನುವ ಚಂದಾ ಬೇಕು, ತಿಂಗಳಿಗಾದರೆ 499, ವರ್ಷಕ್ಕಾದರೆ 3,949 ರೂಪಾಯಿ ಅನ್ನುತ್ತಾನೆ. ಅಂಗಡಿಯವರನ್ನು ಕೇಳಿದರೆ ವರ್ಷದ್ದೇ ತಗೊಳ್ಳಿ, ಲಾಭ ಅಂದರು. ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇವೆ. ಹಾಗಿರುವಾಗ ಇದು ಮತ್ತೆ ಯಾಕೆ? ದುಡ್ಡು ಕೊಟ್ಟರೆ ಆಟಗಳು ನಮ್ಮದೇ ಆಗುತ್ತವಾ? ಒಟ್ಟಿನಲ್ಲಿ ಕೊಡಬಹುದಾ, ಬೇಡವಾ?
— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ವರ್ಷದ ಚಂದಾ ಈಗಲೇ ಬೇಡ. ಮೊದಲು ನಾದಿನಿಗೆ ಒಂದು ಫೋನ್ ಮಾಡಿ. ಅವರ ಮಗನ ಹತ್ತಿರ ಯಾವ ಯಂತ್ರ ಇದೆ, ಆ ಫುಟ್‌ಬಾಲ್ ಆಟದ ಯಾವ ಆವೃತ್ತಿ ಇದೆ ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಅರ್ಧ ಉತ್ತರ ಆ ಚೀಟಿಯಲ್ಲೇ ಇರುತ್ತದೆ.

ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವರ್ಷ ನನ್ನ ಅಕ್ಕನ ಮನೆಯಲ್ಲಿ ಇದೇ ಆಯಿತು. ಅಕ್ಕನ ಮಗನ ಹತ್ತಿರ ನಿಮ್ಮಲ್ಲಿರುವ ಹಾಗೇ ಪಿಎಸ್4. ಪುಣೆಯಲ್ಲಿರುವ ಅವನ ಚಿಕ್ಕಪ್ಪನ ಮಗನ ಹತ್ತಿರ ಪಿಎಸ್5. ಇಬ್ಬರ ಹತ್ತಿರವೂ ಒಂದೇ ವರ್ಷದ ಇಎ ಸ್ಪೋರ್ಟ್ಸ್ ಎಫ್‌ಸಿ ಅನ್ನುವ ಫುಟ್‌ಬಾಲ್ ಆಟ. ವರ್ಷದ ಚಂದಾ ಕಟ್ಟಿದ್ದಾಯಿತು. ಭಾನುವಾರ ಬೆಳಿಗ್ಗೆ ಇಬ್ಬರೂ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಟಿವಿ ಕಡೆ ತಿರುಗಿಸಿಟ್ಟುಕೊಂಡು ಕೂತರು. ಇವನು ಅವನ ಹೆಸರು ಹುಡುಕುತ್ತಾನೆ, ಆಟದೊಳಗೆ ಸಿಗಲ್ಲ. ಅವನು ಇವನನ್ನು ಹುಡುಕುತ್ತಾನೆ, ಸಿಗಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರು. ಆಟ ಅಳಿಸಿ ಮತ್ತೆ ಇಳಿಸಲು ಹಾಕಿದರು, ಮಧ್ಯಾಹ್ನದ ಊಟದವರೆಗೂ ಅದೇ ಆಯಿತು. ಕೊನೆಗೆ ನನಗೆ ಫೋನ್ ಬಂತು. ವಿಷಯ ಇಷ್ಟೇ: ಆ ಆಟದಲ್ಲಿ ಪಿಎಸ್4 ಆವೃತ್ತಿಯವರಿಗೆ ಹಳೆಯ ಪೀಳಿಗೆಯವರೇ ಜೊತೆ, ಅಂದರೆ ಪಿಎಸ್4 ಮತ್ತು ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಒನ್. ಪಿಎಸ್5 ಆವೃತ್ತಿಯವರಿಗೆ ಹೊಸ ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರಿನವರು ಜೊತೆ. ಪೀಳಿಗೆ ದಾಟಿ ಆಡಲು ಬರುವುದಿಲ್ಲ. ಪುಣೆಯ ಹುಡುಗ ತನ್ನ ಪಿಎಸ್5ನಲ್ಲೇ ಪಿಎಸ್4 ಆವೃತ್ತಿಯನ್ನು ಇಳಿಸಿಕೊಂಡ ಮೇಲೆ ಆಟ ಶುರುವಾಯಿತು. ಪಿಎಸ್5 ಹಳೆಯ ಆವೃತ್ತಿಯನ್ನೂ ನಡೆಸುತ್ತದೆ, ಆದರೆ ಅದು ಅವನ ಹತ್ತಿರ ಇರಬೇಕು, ಅವನಿಗೆ ಆಡುವ ಮನಸ್ಸೂ ಇರಬೇಕು. ಹೊಸದರಲ್ಲಿ ಆಡಿ ರೂಢಿಯಾದ ಹುಡುಗ ಹಳೆಯದಕ್ಕೆ ಎಷ್ಟು ದಿನ ಬರುತ್ತಾನೆ? ಅವರಿಬ್ಬರ ಆಟ ಮೂರು ವಾರಕ್ಕೇ ನಿಂತಿತು. ಚಂದಾ ಮಾತ್ರ ವರ್ಷಪೂರ್ತಿ ಇತ್ತು.

ಈ ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಡಬ್ಬದ ಮೇಲೂ ದಪ್ಪಕ್ಷರದಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ಚೀಟಿ, ಆಮೇಲೆ ದುಡ್ಡು.

ಈಗ ನಿಮ್ಮ ಎರಡನೇ ಪ್ರಶ್ನೆ, ಇಂಟರ್ನೆಟ್ಟಿಗೆ ಕಟ್ಟುತ್ತಿರುವಾಗ ಇದು ಯಾಕೆ ಅನ್ನುವುದು. ಲೆಕ್ಕ ಬರೆಯುವವರು ಕೇಳಬೇಕಾದ ಪ್ರಶ್ನೆಯೇ ಇದು. ನೀವು ಕಟ್ಟುವ ಫೈಬರ್ ಬಿಲ್ಲಿಗೂ ಈ ಚಂದಾಕ್ಕೂ ಸಂಬಂಧವೇ ಇಲ್ಲ. ಪಿಎಸ್4, ಪಿಎಸ್5 ಯಂತ್ರಗಳಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಬೇರೆ ಊರಿನವರ ಜೊತೆ ಆಡಲು ಸೋನಿ ಕಂಪನಿ ಕೇಳುವ ಬಾಗಿಲ ಸುಂಕ ಇದು. ತಾಂತ್ರಿಕವಾಗಿ ಇದು ಇರಲೇಬೇಕು ಅಂತೇನಿಲ್ಲ. 2006ರಲ್ಲಿ ಬಂದ ಪಿಎಸ್3ರಲ್ಲಿ ಆನ್‌ಲೈನ್ ಆಟಕ್ಕೆ ಒಂದು ಪೈಸೆ ಕೊಡಬೇಕಿರಲಿಲ್ಲ. ಪ್ಲಸ್ ಅನ್ನುವ ಚಂದಾ 2010ರಲ್ಲೇ ಶುರುವಾದರೂ ಆಗ ಅದು ಬೇಕಾದವರಿಗೆ ಮಾತ್ರ. 2013ರಲ್ಲಿ ಪಿಎಸ್4 ಬಂದಾಗ ಅದನ್ನು ಕಡ್ಡಾಯ ಮಾಡಿದರು. ಈ ದಾರಿ ಮೊದಲು ಹಾಕಿದ್ದು ಮೈಕ್ರೋಸಾಫ್ಟ್. 2002ರಲ್ಲಿ ಎಕ್ಸ್‌ಬಾಕ್ಸ್ ಲೈವ್ ತಂದಾಗಲೇ ಅವರದು ಚಂದಾ ಪದ್ಧತಿ. ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ಮೂಲಕ ಆಡುವವರಿಗೆ ಇವತ್ತಿಗೂ ಇಂಥ ಸುಂಕ ಇಲ್ಲ. ನಾನು ಕನ್ಸೋಲುಗಳ, ಅಂದರೆ ಈ ಆಟದ ಯಂತ್ರಗಳ, ಜೊತೆಗೇ ಅನ್ನ ತಿಂದವನು, ಆದರೂ ಹೇಳುತ್ತೇನೆ: ಯಂತ್ರ ಕೊಂಡು, ಆಟ ಕೊಂಡು, ಇಂಟರ್ನೆಟ್ ಹಾಕಿಸಿಕೊಂಡವರ ಹತ್ತಿರ ನಾಲ್ಕನೇ ಸಲ ದುಡ್ಡು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಅದೂ ದರ ಒಂದೇ ಕಡೆ ನಿಂತಿಲ್ಲ. 2023ರ ಸೆಪ್ಟೆಂಬರಿನವರೆಗೆ ವರ್ಷಕ್ಕೆ 2,999 ಇದ್ದದ್ದು ಒಂದೇ ಏಟಿಗೆ 3,949 ಆಯಿತು.

ಆದರೆ ಇದೇ ಸುಂಕದಲ್ಲಿ ನಿಮಗೆ ಅನುಕೂಲವಾಗುವ ಒಂದು ವಿನಾಯಿತಿ ಇದೆ. ಪುಕ್ಕಟೆ ಆಟಗಳಿಗೆ ಪ್ಲೇಸ್ಟೇಷನ್ನಿನಲ್ಲಿ ಪ್ಲಸ್ ಬೇಡ. ಅಂಗಡಿಯಲ್ಲಿ ಬೆಲೆಯೇ ಇಲ್ಲದ ಆಟವನ್ನು ಚಂದಾ ಇಲ್ಲದೆಯೇ ಯಾರ ಜೊತೆ ಬೇಕಾದರೂ ಆನ್‌ಲೈನಿನಲ್ಲಿ ಆಡಬಹುದು. ನಿಮ್ಮ ಮಗನಿಗೆ ಬೇಕಾಗಿರುವುದು ಫುಟ್‌ಬಾಲ್. ಕೊನಾಮಿ ಕಂಪನಿಯ ಇಫುಟ್‌ಬಾಲ್ 2021ರಿಂದ ಪುಕ್ಕಟೆ ಸಿಗುತ್ತದೆ, ಪಿಎಸ್4ಕ್ಕೂ ಇದೆ. ಇದರ ಹಿಂದಿನ ಹೆಸರು ಪಿಇಎಸ್. ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರ ನಾನು ಹತ್ತು ವರ್ಷ ಗೇಮ್ ಪಾರ್ಲರ್ ನಡೆಸಿದೆ. ನಾಲ್ಕು ಪಿಎಸ್2 ಯಂತ್ರ, ಗಂಟೆಗೆ 20 ರೂಪಾಯಿ. ಆ ನಾಲ್ಕರಲ್ಲಿ ಮೂರರೊಳಗೆ ಯಾವಾಗಲೂ ಇದೇ ಆಟದ ಡಿಸ್ಕ್ ತಿರುಗುತ್ತಿತ್ತು. ಹುಡುಗರ ಹೆಬ್ಬೆರಳಿಗೆ ಕಂಟ್ರೋಲರಿನ ಎಡಗಡೆಯ ಕಡ್ಡಿಯ ರಬ್ಬರ್ ಸವೆದು ಬಿಳೀ ಪ್ಲಾಸ್ಟಿಕ್ ಕಾಣುತ್ತಿತ್ತು. ಸೈಕಲ್ ಟ್ಯೂಬ್ ದುಂಡಗೆ ಕತ್ತರಿಸಿ ಅಂಟಿಸಿ ಮತ್ತೆ ಆಡಲು ಕೊಡುತ್ತಿದ್ದೆ. ಆ ಆಟ ಈಗ ಪುಕ್ಕಟೆ ಬಂದಿದೆ ಅಂದರೆ ನನಗೆ ನಿಜಕ್ಕೂ ಸಂತೋಷ.

ಇನ್ನೊಂದು ರಾಕೆಟ್ ಲೀಗ್. ಕಾರುಗಳು ದೊಡ್ಡ ಚೆಂಡನ್ನು ಗುದ್ದಿ ಗೋಲು ಹೊಡೆಯುವ ಆಟ, 2020ರ ಸೆಪ್ಟೆಂಬರಿನಿಂದ ಪುಕ್ಕಟೆ. ಇದರಲ್ಲಿ ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್, ಕಂಪ್ಯೂಟರ್, ಯಾವುದರಲ್ಲಿದ್ದರೂ ಒಬ್ಬರ ಜೊತೆ ಒಬ್ಬರು ಆಡಬಹುದು. ನಾದಿನಿಯ ಮಗನ ಹತ್ತಿರ ಏನೇ ಇದ್ದರೂ ಇದು ನಡೆಯುತ್ತದೆ. ಒಂದು ಪಂದ್ಯಕ್ಕೆ ಐದು ನಿಮಿಷ, ನಿಮ್ಮ ಮಗಳೂ ಎರಡು ದಿನದಲ್ಲಿ ಕಲಿಯುತ್ತಾಳೆ.

ಮಾತಾಡುವುದಕ್ಕೂ ಚಂದಾ ಬೇಡ. ಪ್ಲೇಸ್ಟೇಷನ್ನಿನ ಪಾರ್ಟಿ ಚಾಟ್ ಪುಕ್ಕಟೆ. ಇದನ್ನು ಬೇಕಂತಲೇ ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಆಟದಲ್ಲಿ ನನಗೆ ಕಾಣುವ ದೊಡ್ಡ ಬೆಲೆ ಅದೇ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಎಷ್ಟೋ ಮಕ್ಕಳಿಗೆ ತಮ್ಮ ವಯಸ್ಸಿನವರ ಜೊತೆ ಕನ್ನಡದಲ್ಲಿ ಜಗಳ ಆಡುವ ಅವಕಾಶವೇ ಇಲ್ಲ. ಅಜ್ಜಿ ಫೋನಿನಲ್ಲಿ ಕೇಳುವ "ಊಟ ಆಯ್ತಾ, ಶಾಲೆ ಹೇಗಿದೆ" ಅನ್ನುವಷ್ಟಕ್ಕೇ ಅವರ ಕನ್ನಡ ಮುಗಿಯುತ್ತದೆ. ನನ್ನ ಗೆಳೆಯನ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಹರಿಹರದಲ್ಲಿರುವ ತನ್ನ ದೊಡ್ಡಪ್ಪನ ಮಗನ ಜೊತೆ ಎರಡು ಬೇಸಿಗೆ ಆಡಿದಳು. "ಹೇ, ನಂಗ್ ಪಾಸ್ ಕೊಡೋ, ನೀನೇ ಇಟ್ಕೊಂಡು ಏನ್ ಮಾಡ್ತೀಯ" ಅಂತ ಅವಳು ಕಿರುಚಿದ್ದನ್ನು ನಾನೇ ಅಂಗಡಿಯಲ್ಲಿ ಸ್ಪೀಕರಿನಲ್ಲಿ ಕೇಳಿದ್ದೇನೆ. ನಿಮ್ಮ ಮಗ ಕೇಳುತ್ತಿರುವುದರ ಹಿಂದೆ ಇದೂ ಇರಬಹುದು. ಹಾಗಾಗಿ "ಆಟಕ್ಕೆ ಯಾಕೆ ದುಡ್ಡು" ಅಂತ ಒಂದೇ ಮಾತಿಗೆ ತಳ್ಳಿಹಾಕಬೇಡಿ.

ಇನ್ನು ದೂರದ ಲೆಕ್ಕ. ನಿಮ್ಮ ಊರಿಗೂ ನ್ಯೂಜೆರ್ಸಿಗೂ ಸುಮಾರು 13,000 ಕಿಲೋಮೀಟರ್. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನಿಮ್ಮ ಮಗ ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ ಉತ್ತರ ವಾಪಸ್ ಬರಲು, ಕೇಬಲ್ ನೇರ ದಾರಿಯಲ್ಲಿದ್ದರೂ, 130 ಮಿಲಿಸೆಕೆಂಡ್ ಬೇಕು. ಸಮುದ್ರದ ತಳದಲ್ಲಿ ಕೇಬಲ್ ಸುತ್ತುಬಳಸಿ ಹೋಗುವುದರಿಂದ ನಿಜದಲ್ಲಿ 200 ದಾಟುತ್ತದೆ. ಹುಡುಗರು "ಪಿಂಗ್" ಅನ್ನುವುದು ಇದಕ್ಕೇ. ಸೆಕೆಂಡಿನ ಐದನೇ ಒಂದು ಭಾಗ ಅಂದರೆ ನಮಗೆ ಏನೂ ಅಲ್ಲ. ಫುಟ್‌ಬಾಲ್ ಆಟದಲ್ಲಿ ಮಾತ್ರ ಗೋಲ್‌ಕೀಪರ್ ಹಾರುವಷ್ಟರಲ್ಲಿ ಚೆಂಡು ಬಲೆಯೊಳಗೆ ಇರುತ್ತದೆ. ಪ್ಲಸ್ ಕಟ್ಟಿದರೆ ಇದು ಕಡಿಮೆಯಾಗುವುದಿಲ್ಲ. ಯಾರಾದರೂ ಆಗುತ್ತದೆ ಅಂದರೆ ನಂಬಬೇಡಿ. ನಿಮ್ಮ ಕೈಯಲ್ಲಿರುವುದು ಇಷ್ಟು: ಯಂತ್ರಕ್ಕೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯುವುದು. ಮತ್ತೆ ರಾಕೆಟ್ ಲೀಗಿನಂಥ ಆಟಗಳಲ್ಲಿ ಯಾವ ಪ್ರದೇಶದ ಸರ್ವರ್ ಬೇಕು ಅಂತ ಆರಿಸಲು ಬರುತ್ತದೆ. ಇಬ್ಬರೂ ಯುರೋಪ್ ಆರಿಸಿಕೊಂಡರೆ ಕಷ್ಟ ಇಬ್ಬರಿಗೂ ಹಂಚಿಹೋಗುತ್ತದೆ, ಒಬ್ಬನೇ ಸೋಲುತ್ತಾ ಕೂರುವುದು ತಪ್ಪುತ್ತದೆ.

ಹೊತ್ತು ಹೊಂದಿಸುವುದೂ ಇದೆ. ನಿಮ್ಮಲ್ಲಿ ಭಾನುವಾರ ಬೆಳಿಗ್ಗೆ 8 ಗಂಟೆ ಅಂದರೆ ಅಲ್ಲಿ ಬೇಸಿಗೆಯಲ್ಲಿ ಶನಿವಾರ ರಾತ್ರಿ 10.30, ಚಳಿಗಾಲದಲ್ಲಿ 9.30. ಶಾಲೆಯ ದಿನಗಳಲ್ಲಿ ಇಬ್ಬರಿಗೂ ಕೂಡಿಬರುವ ಹೊತ್ತು ಸಿಗುವುದು ಕಷ್ಟ. ಹಾಗಾಗಿ ವಾರಕ್ಕೆ ಒಂದು ದಿನ, ಹೆಚ್ಚೆಂದರೆ ಎರಡು. ವರ್ಷಕ್ಕೆ 52 ಭಾನುವಾರ, ಅದರಲ್ಲಿ ಪರೀಕ್ಷೆ, ಮದುವೆ, ಮಳೆಗಾಲದಲ್ಲಿ ಕರೆಂಟ್ ಹೋಗುವ ದಿನ ಕಳೆಯಿರಿ. ಮಲೆನಾಡಿನ ಜುಲೈ ತಿಂಗಳು ನಿಮಗೆ ನಾನು ಹೇಳಬೇಕಾಗಿಲ್ಲ. ಉಳಿದ ದಿನಗಳಿಗೆ 3,949 ಭಾಗಿಸಿ ನೋಡಿ.

ಒಂದು ಪರೀಕ್ಷೆಯನ್ನು ದುಡ್ಡು ಕಟ್ಟುವ ಮೊದಲೇ ಮಾಡಿ. ಪಿಎಸ್4ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂತ ಇದೆ. ಅದರೊಳಗೆ ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಒತ್ತಿದರೆ ಕೊನೆಯಲ್ಲಿ ನ್ಯಾಟ್ ಟೈಪ್ ಅಂತ ಒಂದು ಸಾಲು ಬರುತ್ತದೆ. 2 ಅಂತ ಬಂದರೆ ಸರಿ. 3 ಅಂತ ಬಂದರೆ ಗೆಳೆಯರ ಆಟಕ್ಕೆ ಸೇರುವುದಕ್ಕೆ, ಮಾತಾಡುವುದಕ್ಕೆ ತೊಂದರೆಯಾಗಬಹುದು. ಎಷ್ಟೋ ಕಡೆ ಫೈಬರಿನವರು ಒಂದೇ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಮನೆ ಗುರುತಿಸುವ ನಂಬರನ್ನು, ಹಲವಾರು ಮನೆಗಳಿಗೆ ಹಂಚಿರುತ್ತಾರೆ, ಅದರಿಂದ ಹೀಗಾಗುತ್ತದೆ. ನಿಮ್ಮ ಲೈನ್‌ಮನ್‌ಗೆ "ಪಬ್ಲಿಕ್ ಐಪಿ ಕೊಡ್ತೀರಾ, ಎಷ್ಟಾಗುತ್ತೆ" ಅಂತ ಕೇಳಿ. ಅದಕ್ಕೂ ಬೇರೆ ದುಡ್ಡು ಕೇಳಿದರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಆಟಗಳು ನಮ್ಮದಾಗುತ್ತವಾ ಅಂತ ಕೇಳಿದಿರಿ. ಇಲ್ಲ. ಗೇಣಿಗೆ ಹಿಡಿದ ತೋಟದ ಹಾಗೆ, ಗೇಣಿ ಕೊಡುವವರೆಗೆ ಕೊಯ್ಲು ನಿಮ್ಮದು. ಪ್ಲಸ್‌ನವರಿಗೆ ತಿಂಗಳು ತಿಂಗಳು ಕೆಲವು ಆಟ ಕೊಡುತ್ತಾರೆ. ಅವನ್ನು ನಿಮ್ಮ ಖಾತೆಗೆ ಹಾಕಿಕೊಂಡರೂ ಚಂದಾ ನಿಂತ ದಿನ ಬೀಗ ಬೀಳುತ್ತದೆ, ಮತ್ತೆ ಕಟ್ಟಿದ ದಿನ ತೆರೆಯುತ್ತದೆ. ಪಿಎಸ್4ರವರಿಗೆ ಇದರಲ್ಲೂ ಒಂದು ಪೆಟ್ಟು ಬಿದ್ದಿದೆ. 2026ರ ಜನವರಿಯಿಂದ ತಿಂಗಳ ಆಟಗಳನ್ನು ಮುಖ್ಯವಾಗಿ ಪಿಎಸ್5ಕ್ಕೇ ಕೊಡುವುದು, ಪಿಎಸ್4ರ ಆಟ ಅಪರೂಪಕ್ಕೆ ಮಾತ್ರ ಅಂತ ಸೋನಿಯವರೇ ಒಂದು ವರ್ಷ ಮೊದಲು ಹೇಳಿದರು. ಅಂದರೆ ಹಿಂದೆ "ಆನ್‌ಲೈನ್ ಆಡದಿದ್ದರೂ ತಿಂಗಳಿಗೆ ಎರಡು ಮೂರು ಆಟ ಬರುತ್ತಲ್ಲ" ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆವಲ್ಲ, ನಿಮಗೆ ಆ ಸಮಾಧಾನವೂ ಹೆಚ್ಚು ಉಳಿದಿಲ್ಲ. ಆಡಿದ್ದನ್ನು ಕ್ಲೌಡಿನಲ್ಲಿ ಇಟ್ಟುಕೊಳ್ಳುವ ಸೌಲಭ್ಯವೂ ಚಂದಾದಲ್ಲಿ ಸೇರಿದೆ. ಆದರೆ ಪಿಎಸ್4ರಲ್ಲಿ ಅದನ್ನೇ ಪೆನ್‌ಡ್ರೈವಿಗೆ ಪುಕ್ಕಟೆ ನಕಲು ಮಾಡಿಟ್ಟುಕೊಳ್ಳಬಹುದು.

ಡಿಸ್ಕ್ ಹಾಗಲ್ಲ. ಕೊಂಡರೆ ನಿಮ್ಮದು, ಆಡಿ ಬೇಜಾರಾದರೆ ಮಾರಬಹುದು. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿಗೆ ನಿಮ್ಮ ತಮ್ಮ ಒಂದು ಸಲ ಹೋಗಿಬಂದರೆ ಈ ವರ್ಷದ ಚಂದಾ ದುಡ್ಡಿನಲ್ಲಿ ಪಿಎಸ್4ರ ಹಳೇ ಡಿಸ್ಕ್ ಮೂರು ನಾಲ್ಕು ತರಬಹುದು. ಅಣ್ಣ ತಂಗಿ ಅಕ್ಕಪಕ್ಕ ಕೂತು ಆಡುವುದಕ್ಕೆ ಯಾವ ಚಂದಾವೂ ಬೇಡ.

ಈಗ ನನಗೆ ನಿಜವಾಗಿ ಭಯ ಇರುವ ವಿಷಯ. 3,949 ಒಂದು ಸಲ ಹೋಗುತ್ತದೆ, ನಿಮ್ಮ ಪುಸ್ತಕದಲ್ಲಿ ಒಂದು ಸಾಲು. ಇಎ ಫುಟ್‌ಬಾಲ್ ಆಟದೊಳಗೆ ಅಲ್ಟಿಮೇಟ್ ಟೀಮ್ ಅಂತ ಒಂದು ವಿಭಾಗ ಇದೆ. ಪ್ಲಸ್ ಬಂದ ಮೊದಲ ವಾರದಲ್ಲೇ ಹುಡುಗರು ಅದರೊಳಗೆ ಹೋಗುತ್ತಾರೆ. ಅಲ್ಲಿ ಆಟಗಾರರನ್ನು ನೇರವಾಗಿ ಕೊಳ್ಳುವುದಕ್ಕಿಂತ ಪ್ಯಾಕ್ ಒಡೆಯುವುದೇ ದೊಡ್ಡ ಆಕರ್ಷಣೆ. ಪರದೆ ಕತ್ತಲಾಗುತ್ತದೆ, ಬೆಳಕು ಹರಿಯುತ್ತದೆ, ಮೊದಲು ದೇಶದ ಬಾವುಟ, ಆಮೇಲೆ ಆಡುವ ಜಾಗ, ಆಮೇಲೆ ಕ್ಲಬ್ಬಿನ ಚಿಹ್ನೆ, ಕೊನೆಗೆ ಆಟಗಾರ. ದೊಡ್ಡ ಆಟಗಾರ ಬರಬಹುದು, ಬರದೇ ಇರಬಹುದು. ಆಡಿ ಗಳಿಸಿದ ನಾಣ್ಯದಲ್ಲಿ ಒಡೆಯಬಹುದು, ನಿಜವಾದ ದುಡ್ಡು ಕೊಟ್ಟು ಪಾಯಿಂಟ್ಸ್ ಕೊಂಡೂ ಒಡೆಯಬಹುದು. ಬೆಲ್ಜಿಯಂ ದೇಶದಲ್ಲಿ ಜೂಜು ನಿಯಂತ್ರಣ ಮಾಡುವ ಆಯೋಗ ಇದು ಜೂಜೇ ಅಂತ ಹೇಳಿದ ಮೇಲೆ 2019ರ ಜನವರಿಯಲ್ಲಿ ಇಎ ಕಂಪನಿ ಅಲ್ಲಿ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ ಹೊಸ ವರ್ಷದ ಆಟ ಬಂದರೆ ಹಳೆಯ ತಂಡ ಹಳೆಯದರಲ್ಲೇ ಉಳಿಯುತ್ತದೆ, ಮತ್ತೆ ಮೊದಲಿಂದ ಕಟ್ಟಬೇಕು. ದಯವಿಟ್ಟು ಇದೊಂದನ್ನು ಮಗನ ಜೊತೆ ಕೂತು ಮಾತಾಡಿ, ಗದರಿಸಬೇಡಿ. "ಚಂದಾ ಕೊಡಿಸುತ್ತೇನೆ, ಪಾಯಿಂಟ್ಸ್ ಇಲ್ಲ" ಅಂತ ಮೊದಲೇ ಒಪ್ಪಂದ ಆಗಲಿ. ನಿಮ್ಮ ಕಾರ್ಡ್ ನಂಬರ್ ಆ ಯಂತ್ರದಲ್ಲಿ ಇರುವುದೇ ಬೇಡ. ಗಿಫ್ಟ್ ಕಾರ್ಡಿನಿಂದ ವಾಲೆಟ್ಟಿಗೆ ಎಷ್ಟು ಬೇಕೋ ಅಷ್ಟೇ ಹಾಕಿ.

ಗಿಫ್ಟ್ ಕಾರ್ಡ್ ಅಂದಾಗ ನನಗೇ ಆದ ಒಂದು ನಷ್ಟ ನೆನಪಾಗುತ್ತದೆ. ಒಬ್ಬ ಗಿರಾಕಿಗೋಸ್ಕರ ಒಂದು ಅಂಗಡಿಯಿಂದ ವರ್ಷದ ಕೋಡ್ ತಂದೆ. ಗೀಚಿ ನಂಬರ್ ಹಾಕಿದರೆ ತಗೊಳ್ಳುತ್ತಿಲ್ಲ. ನೋಡಿದರೆ ಅದು ಬೇರೆ ದೇಶದ ಕೋಡ್, ಭಾರತದಲ್ಲಿ ತೆರೆದ ಖಾತೆಗೆ ನಡೆಯುವುದಿಲ್ಲ. ಗೀಚಿದ ಮೇಲೆ ವಾಪಸ್ ಇಲ್ಲ ಅಂದರು. ಎರಡು ವಾರ ಓಡಾಡಿ ಕೊನೆಗೆ ನನ್ನ ಕೈಯಿಂದಲೇ ಗಿರಾಕಿಗೆ ದುಡ್ಡು ಕೊಟ್ಟೆ. ನೀವು ಕೊಳ್ಳುವುದಾದರೆ ಭಾರತದ್ದೇ ಅಂತ ಬರೆದಿರುವುದನ್ನು ಓದಿ ಕೊಳ್ಳಿ. ನಾದಿನಿ ಪ್ರೀತಿಯಿಂದ ಅಲ್ಲಿಂದಲೇ ಕಾರ್ಡ್ ಕಳಿಸುತ್ತೇನೆ ಅಂದರೂ ಬೇಡ ಅನ್ನಿ.

ಕೊಂಡರೆ ಚಂದಾವನ್ನು ಮಗನ ಹೆಸರಿನಲ್ಲಿ ಮಾಡಬೇಡಿ. ನಿಮ್ಮ ಹೆಸರಿನಲ್ಲಿ ಒಂದು ದೊಡ್ಡವರ ಖಾತೆ ತೆರೆದು, ಆ ಪಿಎಸ್4 ಅನ್ನು ನಿಮ್ಮ ಪ್ರೈಮರಿ, ಅಂದರೆ ನಿಮ್ಮ ಖಾತೆಯ ಮುಖ್ಯ ಯಂತ್ರ, ಅಂತ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಮ್ಯಾನೇಜ್‌ಮೆಂಟ್ ಒಳಗೆ ಅದು ಸಿಗುತ್ತದೆ. ಆಗ ಅದೇ ಯಂತ್ರದಲ್ಲಿ ಮಗ, ಮಗಳು ಇಬ್ಬರೂ ತಮ್ಮ ತಮ್ಮ ಖಾತೆಯಲ್ಲಿ ಆನ್‌ಲೈನ್ ಆಡಬಹುದು, ಎರಡು ಚಂದಾ ಬೇಡ. ಮಕ್ಕಳ ಖಾತೆಗೆ ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು ಅನ್ನುವ ಮಿತಿಯನ್ನೂ ನೀವೇ ಇಡಬಹುದು, ಸೊನ್ನೆ ಇಟ್ಟರೂ ನಡೆಯುತ್ತದೆ. ಅದಕ್ಕೂ ಮೊದಲು ನಿಮ್ಮ ತಮ್ಮನನ್ನು ಕೇಳಿ. ಯಂತ್ರ ಕೊಡುವಾಗ ತನ್ನ ಖಾತೆ ಅದರಿಂದ ತೆಗೆದಿದ್ದಾನಾ? ತೆಗೆಯದೆ ಪ್ರೈಮರಿಯಾಗಿಯೇ ಬಿಟ್ಟಿದ್ದು, ಅವನ ಚಂದಾ ಇನ್ನೂ ನಡೆಯುತ್ತಿದ್ದರೆ, ನಿಮ್ಮ ಮಗ ಈಗಲೇ ಆನ್‌ಲೈನ್ ಆಡಬಹುದಾದ ಸ್ಥಿತಿಯಲ್ಲಿದ್ದಾನೆ, ಯಾರಿಗೂ ಗೊತ್ತಾಗಿಲ್ಲ ಅಷ್ಟೇ. ಮುಂದೆ ಹೇಗೆ ಅನ್ನುವುದನ್ನು ಅಕ್ಕ ತಮ್ಮ ಮಾತಾಡಿಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಈ ವಾರ ರಾಕೆಟ್ ಲೀಗ್ ಇಳಿಸಿಕೊಟ್ಟು, ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಪುಕ್ಕಟೆ ಆಡಲು ಬಿಡುತ್ತಿದ್ದೆ. ನಾಲ್ಕು ಭಾನುವಾರ ಇಬ್ಬರೂ ತಪ್ಪದೆ ಬಂದರೆ, ಯಂತ್ರ ಮತ್ತು ಆವೃತ್ತಿ ಹೊಂದುವುದಾದರೆ, ದಸರಾ ರಜೆಗೆ ಒಂದೇ ತಿಂಗಳಿನ 499 ಕಟ್ಟಿ ಅವರಿಗೆ ಬೇಕಾದ ಫುಟ್‌ಬಾಲ್ ಆಡಿಸುತ್ತಿದ್ದೆ. ಆ ತಿಂಗಳು ನಿಜವಾಗಿ ಆಡಿದರೆ ನವೆಂಬರ್ ಕೊನೆಯ ರಿಯಾಯಿತಿಗೆ ಕಾದು ವರ್ಷದ್ದು ತಗೊಳ್ಳುತ್ತಿದ್ದೆ. ಆ ಹೊತ್ತಿಗೆ, ಮತ್ತೆ ಜೂನ್ ಆಸುಪಾಸಿನಲ್ಲಿ, ವರ್ಷದ ಚಂದಾ ಕಡಿಮೆ ಮಾಡುವುದು ವಾಡಿಕೆ.

ಪ್ರಶ್ನೆ: ನಾನು ಬಳ್ಳಾರಿಯವನು, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಪಿಎಸ್5 ಇದೆ. ಒಬ್ಬನೇ ಆಡುವ ಕಥೆಯ ಆಟಗಳೇ ನನಗೆ ಇಷ್ಟ. ಎಸೆನ್ಷಿಯಲ್, ಎಕ್ಸ್‌ಟ್ರಾ, ಡೀಲಕ್ಸ್ ಅಂತ ಪ್ಲೇಸ್ಟೇಷನ್ ಪ್ಲಸ್‌ನಲ್ಲಿರುವ ಮೂರು ದರ್ಜೆಗಳಲ್ಲಿ ಯಾವುದು ತಗೊಳ್ಳಲಿ? ಹಿಂದೆ ಒಂದು ಸಲ ನನಗೆ ಗೊತ್ತಿಲ್ಲದೆ ದುಡ್ಡು ಕಡಿತವಾಗಿತ್ತು.
— ಓದುಗ, ಬೆಂಗಳೂರು

ಉತ್ತರ: ಒಬ್ಬರೇ ಆಡುವವರಿಗೆ ಎಸೆನ್ಷಿಯಲ್ ಹೆಚ್ಚು ಉಪಯೋಗವಿಲ್ಲ. ನಿಮಗೆ ಹೊಂದುವುದು ಎಕ್ಸ್‌ಟ್ರಾ, ಅದರಲ್ಲಿ ನೂರಾರು ಆಟಗಳ ಭಂಡಾರವೇ ಸಿಗುತ್ತದೆ. ಆದರೆ ವರ್ಷಕ್ಕೆ ಹಿಡಿಯಬೇಡಿ. ರಜೆ ಇರುವ ತಿಂಗಳು ನೋಡಿ ಒಂದು ತಿಂಗಳಿಗೆ ಕಟ್ಟಿ, ಮನಸ್ಸಿನಲ್ಲಿರುವ ಎರಡು ಆಟ ಮುಗಿಸಿ, ನಿಲ್ಲಿಸಿ. ಭಂಡಾರದಿಂದ ಆಟಗಳು ಹೊರಗೂ ಹೋಗುತ್ತಿರುತ್ತವೆ. ಇನ್ನೇನು ಹೋಗಲಿರುವವನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ, ಕಟ್ಟುವ ಮೊದಲು ಆ ಸಾಲು ನೋಡಿ. ಡೀಲಕ್ಸ್‌ನಲ್ಲಿ ಹೆಚ್ಚಿಗೆ ಬರುವುದು ಹಳೇ ಆಟಗಳು ಮತ್ತು ಕೆಲವು ಹೊಸ ಆಟಗಳ ಒಂದೆರಡು ಗಂಟೆಯ ರುಚಿ. ಅದಕ್ಕೆ ಹೆಚ್ಚಿನ ದುಡ್ಡು ಬೇಡ. ಒಂದೊಂದು ಆಟ 80, 100 ಜಿಬಿ ಇರುತ್ತದೆ. ಪಿಜಿಯ ವೈಫೈಯಲ್ಲಿ ಅದು ಎಷ್ಟು ದಿನಕ್ಕೆ ಇಳಿಯುತ್ತದೆ ಅನ್ನುವುದನ್ನು ಲೆಕ್ಕ ಹಾಕಿಕೊಂಡೇ ಶುರು ಮಾಡಿ, ಇಲ್ಲದಿದ್ದರೆ ಕಟ್ಟಿದ ತಿಂಗಳಲ್ಲಿ ಒಂದು ವಾರ ಅದಕ್ಕೇ ಹೋಗುತ್ತದೆ.

ಕಡಿತದ ವಿಷಯ: ಚಂದಾ ತಗೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ತಾನೇ ನವೀಕರಣ ಆಗುವುದನ್ನು ಆಫ್ ಮಾಡಿ. ಆಫ್ ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಎಲ್ಲವೂ ನಡೆಯುತ್ತದೆ, ಹೆದರಬೇಡಿ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ಹೀಗೆ ಪದೇ ಪದೇ ಕಡಿತವಾಗುವ ಮೊದಲು, ಕನಿಷ್ಠ 24 ಗಂಟೆ ಮುಂಚೆ, ಬ್ಯಾಂಕಿನಿಂದ ಸಂದೇಶ ಬರಬೇಕು. ಆದರೆ 15,000 ರೂಪಾಯಿ ಒಳಗಿನ ಕಡಿತಕ್ಕೆ ಪ್ರತಿಸಲ ಒಟಿಪಿ ಕೇಳುವುದಿಲ್ಲ. ಆ ಸಂದೇಶವನ್ನು ಜಾಹೀರಾತು ಅಂದುಕೊಂಡು ಅಳಿಸಿದವರೇ ಹೆಚ್ಚು.

ಪ್ರಶ್ನೆ: ಆನ್‌ಲೈನ್ ಗೇಮ್‌ಗಳನ್ನು ಸರ್ಕಾರ ನಿಷೇಧ ಮಾಡಿದೆ ಅಂತ ಪೇಪರಿನಲ್ಲಿ ಓದಿದೆ. ನಮ್ಮ ಮೊಮ್ಮಗ ಟಿವಿಗೆ ಹಚ್ಚಿ ಆಡುವ ಗೇಮಿಗೆ 499 ರೂಪಾಯಿ ಕಟ್ಟಿದ್ದಾನೆ. ಇದರಿಂದ ಏನಾದರೂ ತೊಂದರೆ ಇದೆಯೇ?
— ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಗುರುಗಳೇ, ನೀವು ಓದಿದ್ದು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ. ಅದು ನಿಷೇಧಿಸಿದ್ದು ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಬರುತ್ತದೆ ಅನ್ನುವ ಆಟಗಳನ್ನು, ಅಂದರೆ ಪಣ ಇರುವಂಥದ್ದನ್ನು. ಪಣ ಇಲ್ಲದ ಆಟಕ್ಕೆ ಚಂದಾ ಅಥವಾ ಪ್ರವೇಶ ಶುಲ್ಕ ತೆಗೆದುಕೊಳ್ಳುವುದಕ್ಕೆ ಆ ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಾಗಿ ಕನ್ಸೋಲಿನ ಚಂದಾಕ್ಕೆ ಹೆದರಬೇಕಾಗಿಲ್ಲ. ಆ 499 ಅಲ್ಲಿಗೇ ಹೋಗಿದೆಯೇ ಅನ್ನುವುದು ಖಾತ್ರಿಯಾಗಬೇಕಾದರೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಖಾತೆಯಲ್ಲಿ ಟ್ರಾನ್ಸಾಕ್ಷನ್ ಹಿಸ್ಟರಿ ತೆರೆಯಲು ಹೇಳಿ. ಯಾವ ತಾರೀಖು, ಯಾವುದಕ್ಕೆ, ಎಷ್ಟು ಅಂತ ಸಾಲುಸಾಲಾಗಿ ಇರುತ್ತದೆ. ನಿಮ್ಮ ಪಾಸ್‌ಬುಕ್ಕಿನ ಜೊತೆ ಹಿಡಿದು ನೋಡಿ.